ಆಫೀಸಿನ ಪಾಟ್‌ಲಕ್‌ಗೆ ಏನು ಮಾಡಿಕೊಂಡು ಹೋಗಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

‘ಶುಕ್ರವಾರ ನಮ್ಮ ಆಫೀಸಿನಲ್ಲಿ ಪಾಟ್‌ಲಕ್, ಅಂದರೆ ಒಬ್ಬೊಬ್ಬರು ಒಂದೊಂದು ತಂದು ಎಲ್ಲರೂ ಹಂಚಿಕೊಂಡು ಉಣ್ಣುವ ಊಟ. ಇಪ್ಪತ್ತು ಜನ ಇದ್ದೇವೆ. ನಾನು ಏನು ಮಾಡಲಿ, ಎಷ್ಟು ಮಾಡಲಿ?’ ಅಡುಗೆ ಬಗ್ಗೆ ಬರೆಯುವ ನನಗೆ ಮೈಸೂರು, ಮಂಡ್ಯ ಕಡೆಯ ಓದುಗರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಬ್ಯಾಂಕಿನವರು, ಮೇಷ್ಟ್ರುಗಳು, ಹೆಬ್ಬಾಳದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು, ದಿನಾ ಮೈಸೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಓಡಾಡುವವರು, ಎಲ್ಲರದ್ದೂ ಇದೇ ಪ್ರಶ್ನೆ.

‘ನಿಮ್ಮ ಕೈಗೆ ಚೆನ್ನಾಗಿ ಬರುವ ಅಡುಗೆ ಮಾಡಿ’ ಎನ್ನುವುದು ಸಾಮಾನ್ಯ ಉತ್ತರ. ನಾನು ಹಾಗೆ ಹೇಳುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಒಲೆಯಿಂದ ಇಳಿದದ್ದು ಮಧ್ಯಾಹ್ನ ಒಂದಕ್ಕೆ ಎಲೆಗೆ ಬೀಳುತ್ತದೆ. ನಡುವೆ ಐದು ಗಂಟೆ. ಆ ಐದು ಗಂಟೆಯನ್ನು ತಾಳಿಕೊಳ್ಳುವ ಅಡುಗೆ ಮಾಡಿ. ನಮ್ಮ ಹಿರಿಯರು ಪ್ರಯಾಣಕ್ಕೆ ಬುತ್ತಿ ಕಟ್ಟುತ್ತಿದ್ದರಲ್ಲ, ಪುಳಿಯೋಗರೆ, ಮೊಸರನ್ನ, ಚಟ್ನಿಪುಡಿ, ಅವರು ಯೋಚಿಸಿದ್ದೂ ಇದನ್ನೇ. ಬುತ್ತಿಗೆ ಆಗುವುದು ಪಾಟ್‌ಲಕ್‌ಗೂ ಆಗುತ್ತದೆ.

ರುಚಿಯ ಮಾತಿಗಿಂತ ಮೊದಲು ಹೊಟ್ಟೆಯ ಮಾತು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ, ಕುಕ್ಕರಿನ ಬಿಸಿಗೂ ಅವು ಪೂರ್ತಿ ಸಾಯುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಅವು ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಅಡುಗೆಯನ್ನು ಹೊರಗಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣಕ್ಕೆ. ಹಾಗಾಗಿ ನೀವು ಒಯ್ಯುವುದು 60 ಡಿಗ್ರಿ ಮೇಲೆ ಹಬೆಯಾಡುವಷ್ಟು ಬಿಸಿ ಇರಬೇಕು, ಇಲ್ಲವೇ ಫ್ರಿಜ್ಜಿನಲ್ಲಿರಬೇಕು, ಇಲ್ಲವೇ ಚೆನ್ನಾಗಿ ಹುಳಿ ಇರಬೇಕು, ಇಲ್ಲವೇ ಒಣಗಿದ್ದಾಗಿರಬೇಕು. ಹುಳಿ ಬ್ಯಾಕ್ಟೀರಿಯಾವನ್ನು ನಿಧಾನ ಮಾಡುತ್ತದೆ ಅಷ್ಟೆ, ಪೂರ್ತಿ ತಡೆಯುವುದಿಲ್ಲ. ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ಪಲಾವ್, ತೆಂಗಿನಕಾಯಿ ಚಟ್ನಿ, ಬೇಳೆ ಪಲ್ಯಗಳೇ ಸಾಮಾನ್ಯವಾಗಿ ತೊಂದರೆ ಕೊಡುವುದು.

ಹುಳಿಯ ಸಾಲಿನಲ್ಲಿ ಪುಳಿಯೋಗರೆಯನ್ನು ಮೀರಿಸುವುದು ಯಾವುದೂ ಇಲ್ಲ. ಮೇಲುಕೋಟೆಯನ್ನು ಪಕ್ಕದಲ್ಲೇ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಆಫೀಸಿಗೆ ಒಯ್ಯುವಾಗ ತಪ್ಪುವುದು ಎಲ್ಲಿ ಎಂದು ಹೇಳುತ್ತೇನೆ. ಅರ್ಧ ಕೆಜಿ ಹಳೇ ಸೋನಾ ಮಸೂರಿ, ಅದಕ್ಕೆ 70 ಗ್ರಾಂ ಹುಣಸೆಹಣ್ಣು, 40 ಗ್ರಾಂ ಬೆಲ್ಲ, ಮೂರು ದೊಡ್ಡ ಚಮಚ ಸಾರಿನಪುಡಿ, ಹುರಿದು ಪುಡಿ ಮಾಡಿದ ಕರಿ ಎಳ್ಳು ಎರಡು ಚಮಚ, 100 ಗ್ರಾಂ ಕಡಲೆಕಾಯಿ ಬೀಜ. ಗೊಜ್ಜನ್ನು ಹಿಂದಿನ ರಾತ್ರಿಯೇ ಮಾಡಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೂ ಕುದಿಸಿ. ಹಸಿ ತೆಂಗಿನತುರಿ ಬೇಡ, ಒಣಕೊಬ್ಬರಿ ಹಾಕಿ, ಹಸಿ ತುರಿ ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ. ಬೆಳಿಗ್ಗೆ ಅನ್ನವನ್ನು ಅಗಲವಾದ ತಾಂಬಾಳದಲ್ಲಿ ಹರಡಿ, ಎರಡು ಚಮಚ ಎಣ್ಣೆ ಸವರಿ, ಆರಿದ ಮೇಲೆ ಗೊಜ್ಜು ಕಲಸಿ. ಬಿಸಿ ಅನ್ನಕ್ಕೆ ಕಲಸಿ ತಕ್ಷಣ ಮುಚ್ಚಳ ಹಾಕಿದರೆ ಹಬೆ ನೀರಾಗಿ ಕೆಳಗಿಳಿದು ಅನ್ನ ಮುದ್ದೆಯಾಗುತ್ತದೆ, ಬೇಗ ಕೆಡುವುದೂ ಅದೇ. ಕಡಲೆಕಾಯಿ ಬೀಜವನ್ನು ಹುರಿದು ಬೇರೆ ಡಬ್ಬಿಯಲ್ಲಿ ಒಯ್ದು ಬಡಿಸುವಾಗ ಹಾಕಿ. ಇನ್ನೊಂದು ಪುಟ್ಟ ಡಬ್ಬಿಯಲ್ಲಿ ನಾಲ್ಕು ಚಮಚ ಗೊಜ್ಜು ಎತ್ತಿಟ್ಟುಕೊಂಡಿರಿ. ಬೆಳಿಗ್ಗೆ ಖಾರ, ಹುಳಿ ಸರಿಯಾಗಿದ್ದದ್ದು ಒಂದು ಗಂಟೆಗೆ ಸಪ್ಪೆ ಅನ್ನಿಸುತ್ತದೆ, ಅನ್ನ ಎಲ್ಲವನ್ನೂ ಹೀರಿಕೊಂಡಿರುತ್ತದೆ.

ನಿಂಬೆಹಣ್ಣಿನ ಚಿತ್ರಾನ್ನ ಇಷ್ಟು ತಾಳುವುದಿಲ್ಲ. ಬಿಸಿಗೆ ನಿಂಬೆರಸ ಹಿಂಡಿದರೆ ಕಹಿ, ಮೇಲೆ ಹಸಿ ತೆಂಗಿನತುರಿ ಬೇರೆ. ಮೇಲಾಗಿ ಪಾಟ್‌ಲಕ್ ಎಂದರೆ ಕನಿಷ್ಠ ಮೂವರು ಚಿತ್ರಾನ್ನವನ್ನೇ ತಂದಿರುತ್ತಾರೆ. ವಾಂಗಿಬಾತ್ ವಾಸಿ, ಅದಕ್ಕೂ ಹುಣಸೆಹುಳಿ ಬೀಳುತ್ತದೆ. ಈರನಗೆರೆ ಬದನೆಕಾಯಿ ಸಿಕ್ಕರೆ ಕೇಳುವುದೇ ಬೇಡ.

ಮೊಸರನ್ನಕ್ಕೆ ಅರ್ಧ ಕೆಜಿ ಅಕ್ಕಿಯನ್ನು ನಾಲ್ಕರಷ್ಟು ನೀರಿನಲ್ಲಿ ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಸೌಟಿನ ಹಿಂಬದಿಯಲ್ಲಿ ಮಸೆಯಿರಿ. ಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಒಂದು ಲೀಟರ್ ಹಾಲು, ಎರಡೇ ಎರಡು ಚಮಚ ಮೊಸರು. ಎಲ್ಲರೂ ಎಡವುವುದು ಇಲ್ಲೇ. ಬೆಳಿಗ್ಗೆಯೇ ಅರ್ಧ ಲೀಟರ್ ಮೊಸರು ಸುರಿದು ಕಲಸುತ್ತಾರೆ, ಮಾರ್ಚ್, ಏಪ್ರಿಲಿನ ಬಿಸಿಲಿಗೆ ಅದು ಊಟದ ಹೊತ್ತಿಗೆ ಹಲ್ಲು ಚಳಿಯುವಷ್ಟು ಹುಳಿಯಾಗಿರುತ್ತದೆ. ಹಾಲು ಹೆಚ್ಚು, ಹೆಪ್ಪು ಕಡಿಮೆ ಇದ್ದರೆ ಡಬ್ಬಿಯೊಳಗೇ ಮೊಸರಾಗುತ್ತಾ ಒಂದು ಗಂಟೆಗೆ ಸರಿಯಾದ ಹದಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಒಂದೇ ಚಮಚ ಸಾಕು, ಹನ್ನೊಂದರ ನಂತರ ಆಫೀಸಿನ ಫ್ರಿಜ್ಜಿಗೆ ಸೇರಿಸಿಬಿಡಿ. ಸೌತೆಕಾಯಿ, ದ್ರಾಕ್ಷಿಯನ್ನು ಬಡಿಸುವಾಗ ಹಾಕಬೇಕು. ಗಟ್ಟಿಯಾಗಿದ್ದರೆ ಸಡಿಲಿಸಲು ಕಾಲು ಲೀಟರ್ ಕಾಯಿಸಿದ ಹಾಲನ್ನು ಫ್ರಿಜ್ಜಿನಲ್ಲಿ ಜೊತೆಗಿಟ್ಟಿರಿ.

ಕೋಸಂಬರಿಯನ್ನು ಮನೆಯಲ್ಲೇ ಕಲಸಿ ತರಬೇಡಿ. ಉಪ್ಪು ಸೌತೆಕಾಯಿಯ ನೀರನ್ನೆಲ್ಲ ಹೊರಗೆಳೆಯುತ್ತದೆ, ಡಬ್ಬಿ ತೆಗೆದರೆ ಬೇಳೆ ನೀರಿನಲ್ಲಿ ತೇಲುತ್ತಿರುತ್ತದೆ. ಇಪ್ಪತ್ತು ಜನಕ್ಕೆ 250 ಗ್ರಾಂ ಹೆಸರುಬೇಳೆ ನೆನೆಸಿ, ನೀರು ಪೂರ್ತಿ ಬಸಿದು ಫ್ರಿಜ್ಜಿನಲ್ಲಿಡಿ. ಎರಡು ಸೌತೆಕಾಯಿ, ನಿಂಬೆಹಣ್ಣು, ಉಪ್ಪು, ಒಗ್ಗರಣೆ ಎಲ್ಲ ಬೇರೆ ಬೇರೆ ಇರಲಿ. ಅಲ್ಲೇ ಕಲಸುವುದು ಐದು ನಿಮಿಷದ ಕೆಲಸ.

ಬಿಸಿಬೇಳೆಬಾತ್ ಎಲ್ಲರಿಗೂ ಬೇಕು, ಆದರೆ ಎಲ್ಲರೂ ಒಯ್ಯುವಂಥದ್ದಲ್ಲ. ಕಾಲು ಕೆಜಿ ಅಕ್ಕಿ, ಕಾಲು ಕೆಜಿ ತೊಗರಿಬೇಳೆ ಇಪ್ಪತ್ತು ಜನಕ್ಕೆ ಧಾರಾಳ. ಒಲೆಯಿಂದ ಇಳಿಸುವಾಗ ಇದೇನು ಇಷ್ಟು ತೆಳ್ಳಗೆ ಎನ್ನಿಸಬೇಕು, ಒಂದು ಗಂಟೆಗೆ ಅದು ತಾನಾಗಿಯೇ ಗಟ್ಟಿಯಾಗಿರುತ್ತದೆ. ಹಾಟ್‌ಬಾಕ್ಸಿಗೆ ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಡಿ, ಚೆಲ್ಲಿ, ಆಮೇಲೆ ಕುದಿಯುತ್ತಿರುವ ಬಾತನ್ನು ಕಂಠಮಟ್ಟ ತುಂಬಿ. ಅರ್ಧ ಖಾಲಿ ಬಿಟ್ಟ ಹಾಟ್‌ಬಾಕ್ಸು ಬೇಗ ಆರುತ್ತದೆ. ಅಷ್ಟು ಮಾಡಿದರೂ ಸಾಧಾರಣ ಪ್ಲಾಸ್ಟಿಕ್ ಹಾಟ್‌ಬಾಕ್ಸು ಐದು ಗಂಟೆ ಹಬೆ ಹಿಡಿದಿಡುವುದಿಲ್ಲ. ಹತ್ತೂವರೆಗೆ ಮನೆಯಿಂದ ಯಾರಾದರೂ ತಂದುಕೊಡುವ ಹಾಗಿದ್ದರೆ, ಅಥವಾ ಆಫೀಸಿನಲ್ಲಿ ಬಿಸಿ ಮಾಡುವ ವ್ಯವಸ್ಥೆ ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ಈ ಬಿಸಿ ಮಾಡುವ ವಿಚಾರದಲ್ಲೇ ಹೆಚ್ಚಿನ ಪಾಟ್‌ಲಕ್‌ಗಳು ಹಳ್ಳ ಹಿಡಿಯುವುದು. ಒಂದು ಮೈಕ್ರೋವೇವ್, ಎಂಟು ಡಬ್ಬಿ, ಒಂದೊಂದಕ್ಕೆ ಐದು ನಿಮಿಷ ಎಂದರೆ ನಲವತ್ತು ನಿಮಿಷ. ಕೊನೆಯ ಡಬ್ಬಿ ಹೊರಬರುವಾಗ ಮೊದಲನೆಯದು ತಣ್ಣಗಾಗಿರುತ್ತದೆ, ಊಟದ ಬಿಡುವೂ ಮುಗಿದಿರುತ್ತದೆ. ಬಿಸಿ ಮಾಡಬೇಕಾದ ಐಟಂ ಎರಡಕ್ಕಿಂತ ಹೆಚ್ಚು ಇರಬಾರದು ಎಂದು ಮೊದಲೇ ನಿಗದಿ ಮಾಡಿ. ಸ್ಟೀಲ್ ಡಬ್ಬಿ ಮೈಕ್ರೋವೇವಿಗೆ ಆಗದು, ಗಾಜಿನ ಪಾತ್ರೆಯೊಂದು ಬೇಕೇ ಬೇಕು. ಇಂಡಕ್ಷನ್ ಒಲೆ ತರುತ್ತೇನೆ ಎಂದು ಯಾರಾದರೂ ಹೇಳಿದರೆ ಸ್ವಿಚ್‌ಬೋರ್ಡ್ ನೋಡಿ. ಮೇಜಿನ ಪಕ್ಕದ ಸಣ್ಣ ಸಾಕೆಟ್ 6 ಆಂಪಿಯರ್‌ನದು, 230 ವೋಲ್ಟ್‌ಗೆ ಲೆಕ್ಕ ಹಾಕಿದರೆ 1,380 ವ್ಯಾಟ್ ದಾಟುವಂತಿಲ್ಲ. ಇಂಡಕ್ಷನ್ ಒಲೆಗಳು ಸಾಮಾನ್ಯವಾಗಿ 1,800ರಿಂದ 2,000 ವ್ಯಾಟ್, ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದರೆ ವಯರ್ ಕಾಯುತ್ತದೆ, ಇಲ್ಲವೇ ಟ್ರಿಪ್ ಆಗಿ ಕಂಪ್ಯೂಟರುಗಳೂ ನಿಲ್ಲುತ್ತವೆ. 700 ವ್ಯಾಟಿನ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಆದರೆ ಚಿಂತೆಯಿಲ್ಲ. ಸಾರು ಅಥವಾ ಬಿಸಿಬೇಳೆಬಾತನ್ನು ಹನ್ನೆರಡೂವರೆಗೆ ಅದರಲ್ಲಿ ಕುದಿ ಬರಿಸಿ ಬೆಚ್ಚಗಿಡಬಹುದು.

ಒಯ್ಯಲೇಬಾರದ ಕೆಲವು ಇವೆ. ಅಕ್ಕಿರೊಟ್ಟಿ ಆರಿದರೆ ಹಪ್ಪಳದಂತಾಗುತ್ತದೆ. ಉದ್ದಿನವಡೆ, ಬೋಂಡ ಮೆತ್ತಗಾಗುತ್ತವೆ. ರಾಗಿಮುದ್ದೆ ಮಂಡ್ಯದವರ ಪ್ರಾಣ, ಆದರೆ ಎಂಟಕ್ಕೆ ಕಟ್ಟಿದ ಮುದ್ದೆ ಒಂದಕ್ಕೆ ಮುರಿಯಲೂ ಬರುವುದಿಲ್ಲ, ಆಫೀಸಿನಲ್ಲಿ ಅಡುಗೆಮನೆ ಇದ್ದರೆ ಅಲ್ಲೇ ಮುದ್ದೆ ತೊಳಸಿ ಬಸ್ಸಾರಿನ ಜೊತೆ ಬಡಿಸಿ. ತೆಂಗಿನಕಾಯಿ ಚಟ್ನಿ ಬದಲು ಹುಚ್ಚೆಳ್ಳಿನ ಚಟ್ನಿಪುಡಿ. ರೈಲು, ಬಸ್ಸಿನಲ್ಲಿ ಬರುವವರಿಗೆ ಸಾಂಬಾರಿನ ಕ್ಯಾರಿಯರ್ ಹೊರಿಸಬೇಡಿ. ಅವರು ನಿಪ್ಪಟ್ಟು, ಮದ್ದೂರು ವಡೆ ತರಲಿ, ಮೃದುವಾದ ಬಟ್ಟೆಯಲ್ಲಿ ಸುತ್ತಿದ ಚಪಾತಿಯೂ ಆಗುತ್ತದೆ.

ಈಗ ಲೆಕ್ಕ. ಇಪ್ಪತ್ತು ಜನ ಎಂದ ಕೂಡಲೇ ಪ್ರತಿಯೊಬ್ಬರೂ ಇಪ್ಪತ್ತು ಜನರ ಪೂರ್ತಿ ಊಟ ಮಾಡಿಕೊಂಡು ಬರುತ್ತಾರೆ, ಅರ್ಧ ಉಳಿಯುತ್ತದೆ. ಹತ್ತು ಬಗೆ ಇರುವ ಎಲೆಯಲ್ಲಿ ಯಾವುದನ್ನೂ ಯಾರೂ ಎರಡು ಸೌಟಿಗಿಂತ ಹೆಚ್ಚು ಹಾಕಿಸಿಕೊಳ್ಳುವುದಿಲ್ಲ. ಎಲ್ಲ ಅನ್ನದ ಐಟಂಗಳೂ ಸೇರಿ ತಲೆಗೆ 60ರಿಂದ 70 ಗ್ರಾಂ ಅಕ್ಕಿ, ಅಂದರೆ ಒಟ್ಟು ಒಂದೂಕಾಲು ಕೆಜಿ. ಮೇಲೆ ಹೇಳಿದ ಪುಳಿಯೋಗರೆ, ಮೊಸರನ್ನ, ಬಿಸಿಬೇಳೆಬಾತಿಗೆ ಅದು ಸರಿಹೋಗುತ್ತದೆ. ಚಪಾತಿ ತಲೆಗೆ ಎರಡು. ಪಲ್ಯ ಎರಡು ಬಗೆಯಾದರೆ ಒಂದೊಂದಕ್ಕೆ ಒಂದು ಕೆಜಿ ತರಕಾರಿ. ಸಿಹಿ ತಲೆಗೆ ಒಂದು, ಮೇಲೆ ನಾಲ್ಕು.

‘ಯಾರು ಏನು ತರುತ್ತೀರಿ’ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ ಚಿತ್ರಾನ್ನಗಳೇ ಬರುತ್ತವೆ. ಜಾಗಗಳನ್ನು ಮೊದಲು ಬರೆದು ಹಾಕಿ: ಅನ್ನ ಮೂರು, ಚಪಾತಿ ಎರಡು, ಪಲ್ಯ ಎರಡು, ಕೋಸಂಬರಿ ಒಂದು, ಸಿಹಿ ಎರಡು, ಹಪ್ಪಳ ಉಪ್ಪಿನಕಾಯಿ ಒಂದು, ಮಜ್ಜಿಗೆ, ಹಣ್ಣು, ಬಾಳೆಲೆ, ನೀರಿನ ಕ್ಯಾನು, ಸೌಟು, ಕಸದ ಚೀಲ. ಸೌಟು ಬರೆಯುವುದನ್ನು ಮರೆತರೆ ಅಂದು ಹತ್ತು ಪಾತ್ರೆಗೆ ಎರಡೇ ಸೌಟು. ರೂಮು ಮಾಡಿಕೊಂಡಿರುವ ಹುಡುಗರು ದೇವರಾಜ ಮಾರುಕಟ್ಟೆಯಿಂದ ಎಲೆ, ಹಣ್ಣು ತಂದರೆ ಅದೂ ಒಂದು ಪೂರ್ತಿ ಪಾಲೇ. ಆದರೆ ಹೆಂಗಸರೆಲ್ಲ ಅಡುಗೆ, ಗಂಡಸರೆಲ್ಲ ಚಿಪ್ಸ್ ಪೊಟ್ಟಣ ಎಂಬ ಏರ್ಪಾಡು ಆಗಕೂಡದು. ಬೆಳಿಗ್ಗೆ ಐದಕ್ಕೆ ಏಳಬೇಕಾದವರು ಯಾರು ಎಂಬುದನ್ನು ಸಂಘಟಿಸುವವರು ಯೋಚಿಸಲೇಬೇಕು. ಹಾಗೆಯೇ ಇಪ್ಪತ್ತು ಎಂದು ಎಣಿಸುವಾಗ ಸೆಕ್ಯುರಿಟಿಯವರು, ಕಸ ಗುಡಿಸುವ ಅಕ್ಕ ಎಲ್ಲರೂ ಸೇರಿರಲಿ, ಮೊದಲ ಪಂಕ್ತಿಯಲ್ಲೇ ಕೂರಲಿ.

ಮಾಂಸದ ಪ್ರಶ್ನೆಯೂ ಬಂದೇ ಬರುತ್ತದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕು ಎಂಬ ಒತ್ತಾಯ ಎದ್ದು ನಾಡಿನಲ್ಲೆಲ್ಲ ಚರ್ಚೆಯಾಯಿತು. ಆಫೀಸಿನಲ್ಲೂ ಮಾತನಾಡಿಕೊಳ್ಳದೆ ಬಿಟ್ಟರೆ ಅದು ಒಳಗೊಳಗೇ ಕುದಿಯುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಬೇಡ ಎಂದು ನಿಷೇಧಿಸುವುದಕ್ಕಿಂತ ಬೇರೆ ಮೇಜು, ಬೇರೆ ಸೌಟು ಇಟ್ಟು, ಮೊದಲೇ ತಿಳಿಸಿ ತರುವುದು ಮರ್ಯಾದೆಯ ದಾರಿ. ಕೋಳಿಸಾರು ತಂದವರು ಅದನ್ನು ಕುದಿ ಬರುವ ಹಾಗೆ ಮತ್ತೆ ಬಿಸಿ ಮಾಡಬೇಕು. ಪ್ರತಿ ಪಾತ್ರೆಯ ಮೇಲೂ ಒಂದು ಚೀಟಿ ಇರಲಿ: ಈರುಳ್ಳಿ, ಬೆಳ್ಳುಳ್ಳಿ ಇದೆಯೇ, ಮೊಟ್ಟೆ ಇದೆಯೇ, ಕಡಲೆಕಾಯಿ ಇದೆಯೇ. ಕಡಲೆಕಾಯಿ ಅಲರ್ಜಿ ಇದ್ದವರಿಗೆ ಪುಳಿಯೋಗರೆಯ ಒಂದು ತುತ್ತೂ ಅಪಾಯ. ದಿನ ಗೊತ್ತು ಮಾಡುವಾಗ ಏಕಾದಶಿ, ಸಂಕಷ್ಟಿ, ಶ್ರಾವಣ ಶನಿವಾರ, ಪಿತೃಪಕ್ಷ, ರಂಜಾನ್ ತಿಂಗಳು ನೋಡಿಕೊಳ್ಳಿ. ಯಾರಾದರೊಬ್ಬರು ಪಕ್ಕದಲ್ಲಿ ಬರಿಗೈಯಲ್ಲಿ ಕೂತಿರುವಾಗ ಉಳಿದವರಿಗೂ ಊಟ ಸೇರುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಹೋಟೆಲಿನಿಂದ ತರಿಸಿದರಾಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ಪಾಂಡವಪುರದವರ ಮನೆಯ ಉಪ್ಪುಸಾರಿನ ಖಾರ, ಕಲಬುರಗಿಯಿಂದ ವರ್ಗವಾಗಿ ಬಂದವರ ಶೇಂಗಾ ಹಿಂಡಿ, ಮಡಿಕೇರಿಯವರ ಕಡಂಬುಟ್ಟು, ಉದಯಗಿರಿಯವರ ಮನೆಯ ಬಿರಿಯಾನಿ ಒಂದೇ ಎಲೆಯ ಮೇಲೆ ಯಾವ ಹೋಟೆಲಿನಲ್ಲಿ ಸಿಗುತ್ತದೆ? ವರ್ಷಗಟ್ಟಲೆ ಫೈಲಿನ ವಿಚಾರ ಬಿಟ್ಟು ಬೇರೆ ಮಾತಾಡದವರು ‘ಸಾರಿನಪುಡಿಗೆ ಮೆಂತ್ಯ ಎಷ್ಟು ಹಾಕ್ತೀರಿ ಮೇಡಂ’ ಎಂದು ಕೇಳುವುದು ಅವತ್ತೇ. ಒಂದೊಂದು ಮನೆಯ ಪುಡಿಯ ಅಳತೆ ಒಂದೊಂದು ಥರ, ಅದನ್ನು ನಾಲಿಗೆಯಿಂದ ಕಲಿಯುವ ಅವಕಾಶ ಬೇರೆ ಕಡೆ ಸಿಗುವುದಿಲ್ಲ.

ಉಳಿದದ್ದರ ಬಗ್ಗೆ ಕಟ್ಟುನಿಟ್ಟಾಗಿರಿ. ಎಂಟಕ್ಕೆ ಬೇಯಿಸಿದ ಪಲಾವನ್ನು ಮೂರು ಗಂಟೆಗೆ ಯಾರಿಗೂ ಕಟ್ಟಿಕೊಡಬೇಡಿ. ನಿಮ್ಮ ಮನೆಯವರಿಗೆ ರಾತ್ರಿ ಬಡಿಸಲು ಹಿಂದೆಮುಂದೆ ನೋಡುವುದನ್ನು ಕಸ ಗುಡಿಸುವ ಅಕ್ಕನ ಕೈಗೆ ಕೊಡುವುದು ಸರಿಯಲ್ಲ. ಒಣ ತಿಂಡಿ, ಸಿಪ್ಪೆ ಬಿಡಿಸದ ಹಣ್ಣು, ಮೈಸೂರುಪಾಕ್, ಉಪ್ಪಿನಕಾಯಿ ಹಂಚಿಕೊಳ್ಳಿ, ಮಿಕ್ಕದ್ದು ಹಸಿ ಕಸಕ್ಕೆ.

ನಾಳೆಯೇ ಪಾಟ್‌ಲಕ್, ಐದಕ್ಕೆ ಏಳಲು ಆಗುವುದಿಲ್ಲ ಎನ್ನುವವರು ಗೊಜ್ಜವಲಕ್ಕಿ ಮಾಡಿ. ಒಲೆಯ ಕೆಲಸ ಒಗ್ಗರಣೆಗೆ ಮಾತ್ರ. ಅರ್ಧ ಕೆಜಿ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಷ್ಟು ತರಿಯಾಗಿ ಒಂದು ಸುತ್ತು ತಿರುಗಿಸಿ. 60 ಗ್ರಾಂ ಹುಣಸೆಹಣ್ಣಿನ ರಸ, ಅಷ್ಟೇ ಬೆಲ್ಲ, ಎರಡು ಚಮಚ ಸಾರಿನಪುಡಿ, ಉಪ್ಪು ಸೇರಿಸಿದ ನೀರನ್ನು ಅವಲಕ್ಕಿ ತೊಯ್ಯುವಷ್ಟು ಮಾತ್ರ ಹಾಕಿ ಅರ್ಧ ಗಂಟೆ ಬಿಡಿ. ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ನೀರು ಹೆಚ್ಚಾದರೆ ಮುದ್ದೆಯೇ ಗತಿ, ಆದ್ದರಿಂದ ಒಂದೇ ಸಲಕ್ಕೆ ಸುರಿಯಬೇಡಿ. ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ ಮನೆಯಲ್ಲೇ ಕೊಟ್ಟು, ಕೊಬ್ಬರಿ ತುರಿ, ಹುರಿದ ಕಡಲೆಕಾಯಿ ಬೀಜವನ್ನು ಮಾತ್ರ ಆಫೀಸಿಗೆ ಒಯ್ದು ಮೇಲೆ ಉದುರಿಸಿ.