ಕಡಿಮೆ ಹಾರಿದ ವಿಮಾನಕ್ಕೆ ಹೆಚ್ಚು ದುಡ್ಡು ಕೊಡುವ ಮುನ್ನ

ಹಳೆಯ ಸಣ್ಣ ವಿಮಾನ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು, "ಎಂಜಿನ್ ಎಷ್ಟು ಗಂಟೆ ಓಡಿದೆ?" ಅಂತ. ಫ್ಲೋರಿಡಾದಲ್ಲಿ ವಿಮಾನ ಮೆಕ್ಯಾನಿಕ್ ಆಗಿರುವ ನಾನು ಅದರ ಜೊತೆಗೇ ಇನ್ನೊಂದು ಕೇಳುತ್ತೇನೆ: ಅಷ್ಟು ಗಂಟೆ ಓಡಲು ಎಷ್ಟು ವರ್ಷ ಹಿಡಿಯಿತು?

ಕಾರಿನ ಹಾಗೆ ವರ್ಷ ಕಳೆದಂತೆ ವಿಮಾನದ ಬೆಲೆ ಇಳಿಯುತ್ತಾ ಹೋಗುವುದಿಲ್ಲ. ಸೆಸ್ನಾ ಕಂಪನಿ 1986ರಲ್ಲಿ 172 ಎಂಬ ತನ್ನ ನಾಲ್ಕು ಸೀಟಿನ ಸಣ್ಣ ವಿಮಾನದ ತಯಾರಿಕೆ ನಿಲ್ಲಿಸಿ, ಮತ್ತೆ ಶುರುಮಾಡಿದ್ದು ಹತ್ತು ವರ್ಷದ ನಂತರ. ಹೊಸದರ ಬೆಲೆ ಸಾಮಾನ್ಯರ ಕೈಗೆ ಎಟುಕುವುದಿಲ್ಲ. ಹಾಗಾಗಿ ಐವತ್ತು ವರ್ಷದ 172ಕ್ಕೂ ಬೇಡಿಕೆ ಇದೆ, ಚೌಕಾಸಿ ನಡೆಯುವುದು ಹೆಚ್ಚಾಗಿ ಎಂಜಿನ್ ಮೇಲೆ.

ಆ ಲೆಕ್ಕ ಹೀಗೆ. 1970ರ ದಶಕದ 172ರಲ್ಲಿರುವ ಲೈಕಮಿಂಗ್ ಓ-320 ಎಂಜಿನ್ನಿಗೆ ಸಾಮಾನ್ಯವಾಗಿ 2000 ಗಂಟೆಗೊಮ್ಮೆ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವುದು) ಮಾಡಿಸಬೇಕೆಂದು ಎಂಜಿನ್ ಕಂಪನಿಯ ಸಲಹೆ. ಅದಕ್ಕೆ 35,000 ಡಾಲರ್ ಹಿಡಿದರೆ ಗಂಟೆಗೆ ಹದಿನೇಳೂವರೆ ಡಾಲರ್ ಸವೆತ. ಇಲ್ಲಿನ ಕನ್ನಡ ಕೂಟದ ಗೆಳೆಯರೊಬ್ಬರು ಎರಡು 172 ನೋಡಿಟ್ಟಿದ್ದರು. ಒಂದು ಓವರ್‌ಹಾಲ್ ಆದಮೇಲೆ 350 ಗಂಟೆ ಹಾರಿತ್ತು, ಇನ್ನೊಂದು 1100. ವ್ಯತ್ಯಾಸ 750 ಗಂಟೆ, ಅಂದರೆ ಸುಮಾರು 13,000 ಡಾಲರ್. ಮೊದಲನೆಯದರ ಮಾಲೀಕರು ಕೇಳಿದ್ದೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು. ಬಣ್ಣವೂ ಹೊಸದು. ಗೆಳೆಯರಿಗೆ ಮನಸ್ಸು ಅದರ ಮೇಲೇ.

ಅದರ ಲಾಗ್‌ಬುಕ್, ಅಂದರೆ ಹಾರಾಟ-ರಿಪೇರಿಗಳ ದಾಖಲೆ ಪುಸ್ತಕ, ತೆಗೆದು ನೋಡಿದೆ. ಆ ಓವರ್‌ಹಾಲ್ ಆಗಿ 17 ವರ್ಷವಾಗಿತ್ತು, ಅಂದರೆ ವರ್ಷಕ್ಕೆ ಇಪ್ಪತ್ತು ಗಂಟೆಯಷ್ಟೇ ಹಾರಾಟ. ನಿಲ್ಲಿಸಿದ್ದು ಸಮುದ್ರದ ಪಕ್ಕದಲ್ಲಿ, ಹ್ಯಾಂಗರ್ (ವಿಮಾನದ ಶೆಡ್) ಇಲ್ಲದೆ. ಗಂಟೆ ಮುಗಿಯದಿದ್ದರೂ 12 ವರ್ಷಕ್ಕೆ ಓವರ್‌ಹಾಲ್ ಮಾಡಿಸಿ ಎಂದು ಲೈಕಮಿಂಗ್ ಹೇಳುತ್ತದೆ. ಅಮೆರಿಕದಲ್ಲಿ ಸ್ವಂತಕ್ಕೆ ಹಾರಿಸುವವರಿಗೆ ಅದು ಕಡ್ಡಾಯವಲ್ಲ ನಿಜ, ಆದರೆ ಆ ಸಲಹೆಗೆ ಕಾರಣ ಎಂಜಿನ್ನಿನ ಒಳಗೇ ಇದೆ. ಈ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್ ಇರುವುದು ಪ್ರೊಪೆಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲ್ಗಡೆ. ವಾರಗಟ್ಟಲೆ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ಕ್ಯಾಮ್ ಒಣಗುತ್ತದೆ, ತೇವಕ್ಕೆ ತುಕ್ಕು ಕೂರುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಆ ತುಕ್ಕಿನ ಜಾಗದಿಂದಲೇ ಲೋಹ ಚಕ್ಕೆ ಚಕ್ಕೆಯಾಗಿ ಏಳತೊಡಗುತ್ತದೆ. ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವ ಕಂಪ್ರೆಷನ್ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ. ಆ ವಿಮಾನದ ನಾಲ್ಕೂ ಸಿಲಿಂಡರ್‌ಗಳು 80ಕ್ಕೆ ಎಪ್ಪತ್ತರ ಮೇಲೇ ತೋರಿಸಿದವು, ಅಂದರೆ ಚೆನ್ನಾಗಿಯೇ ಇದ್ದವು.

ಆದರೆ ಎಣ್ಣೆ ಫಿಲ್ಟರ್ ಕೊಯ್ದು ಒಳಗಿನ ಕಾಗದದ ಮಡಿಕೆ ಬಿಡಿಸಿದಾಗ ಅಯಸ್ಕಾಂತಕ್ಕೆ ಅಂಟುವ ಚೂರುಗಳು ಸಿಕ್ಕವು. ಒಂದು ಸಿಲಿಂಡರ್ ತೆಗೆದು ನೋಡಲು ಮಾಲೀಕರನ್ನು ಒಪ್ಪಿಸಿದೆವು. ಕ್ಯಾಮಿನ ಉಬ್ಬಿನ (ಲೋಬ್) ಮೇಲೆ ಗುಳಿಗಳು ಬಿದ್ದಿದ್ದವು.

"ಹಾಗಾದ್ರೆ ಇದಕ್ಕೆ ಎಷ್ಟು ಕೊಡಬಹುದು ಸರ್?" ಅಂದರು ಗೆಳೆಯರು. ಎಂಜಿನ್ ಆಯುಷ್ಯ ಮುಗಿದಿದೆ ಅಂತಲೇ ಹಿಡಿಯಿರಿ, ಪೂರ್ತಿ ಓವರ್‌ಹಾಲ್ ಖರ್ಚು ಕಳೆಯಿರಿ, ಅದು ನಡೆಯುವ ತಿಂಗಳುಗಳಲ್ಲಿ ವಿಮಾನ ಹಾರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತನ್ನಿ ಅಂದೆ. ಮಾಲೀಕರು ಅಷ್ಟು ಇಳಿಯಲಿಲ್ಲ. 1100 ಗಂಟೆಯ ವಿಮಾನ ಆರು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ವಾರ ಹಾರಿತ್ತು, ಫಿಲ್ಟರ್ ಸ್ವಚ್ಛವಾಗಿತ್ತು. ಬಣ್ಣ ಮಾಸಿದ ಅದನ್ನೇ ಗೆಳೆಯರು ಕೊಂಡರು.

ಲಾಗ್‌ಬುಕ್ಕಿನಲ್ಲಿ ಕಾರಣ ಬರೆಯದೆ ಪ್ರೊಪೆಲರ್ ಬದಲಿಸಿದ್ದು ಕಂಡರೆ ಅಲ್ಲೇ ನಿಂತು ವಿಚಾರಿಸಿ. ಪ್ರೊಪೆಲರ್ ನೆಲಕ್ಕೆ ಬಡಿದಿದ್ದರೆ ಎಂಜಿನ್ ಬಿಚ್ಚಿ ಪರೀಕ್ಷಿಸಿದ ದಾಖಲೆ ಇರಬೇಕು. ವಿಮಾನದ ಮೇಲೆ ಸಾಲ ಇದೆಯೇ ಎಂಬುದನ್ನು ಒಕ್ಲಹೋಮ ಸಿಟಿಯ ವಿಮಾನ ನೋಂದಣಿ ಕಚೇರಿಯ ದಾಖಲೆಗಳಲ್ಲಿ ಹುಡುಕಿಸಿ. ಮಾರುವವರು "ಈಗಷ್ಟೇ ವಾರ್ಷಿಕ ತಪಾಸಣೆ ಆಗಿದೆ" ಅಂದರೂ ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆತನ್ನಿ. ಕೊಳ್ಳುವ ಮುಂಚಿನ ತಪಾಸಣೆಯಲ್ಲಿ ಏನೇನು ಆಗಬೇಕೆಂದು ಅಮೆರಿಕದ ವಿಮಾನಯಾನ ನಿಯಮಗಳು ಎಲ್ಲೂ ಹೇಳಿಲ್ಲ. ಆದ್ದರಿಂದ ಏನು ಬಿಚ್ಚುತ್ತೇವೆ, ಅದಕ್ಕೆ ಯಾರು ದುಡ್ಡು ಕೊಡುತ್ತಾರೆ, ದೋಷ ಸಿಕ್ಕರೆ ಮುಂಗಡ ವಾಪಸ್ಸೇ ಎಂಬುದನ್ನೆಲ್ಲ ಮೊದಲೇ ಕಾಗದದ ಮೇಲೆ ಬರೆದು ಇಬ್ಬರ ಸಹಿ ಹಾಕಿಸಿಕೊಳ್ಳಿ.