‘ಅರಮನೆ’ಯನ್ನು ಬಾಯಿಬಿಟ್ಟು ಓದಿ

ಕುಂ. ವೀರಭದ್ರಪ್ಪನವರ ‘ಅರಮನೆ’ಯನ್ನು ಅರ್ಧಕ್ಕೇ ಬಿಟ್ಟವರು ನಮ್ಮ ಬಳ್ಳಾರಿಯಲ್ಲೇ ಎಷ್ಟೋ ಜನ ಸಿಗುತ್ತಾರೆ. ಯಾಕೆ ಅಂದರೆ ಎಲ್ಲರದೂ ಒಂದೇ ಉತ್ತರ. "ವಾಕ್ಯ ಮುಗಿಯೋದೇ ಇಲ್ಲ, ಎಲ್ಲಿ ಉಸಿರು ತಗೋಬೇಕು ಅಂತ ಗೊತ್ತಾಗಲ್ಲ." ಬರೆದವರು ಕೊಟ್ಟೂರಿನವರು. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಕಥೆ ನಮ್ಮದೇ ಸೀಮೆಯದು. ನಮ್ಮವರೇ ಓದದಿದ್ದರೆ ಇನ್ಯಾರು ಓದಬೇಕು?

ನಾವು ಕೆಲವು ಓದುಗರು ಆಗಾಗ ಭಾನುವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಹೈಸ್ಕೂಲು ಮೇಷ್ಟ್ರು ಒಬ್ಬರು, ಬ್ಯಾಂಕಿನಲ್ಲಿರುವ ಗೆಳತಿ, ಜೀನ್ಸ್ ಹೊಲಿಗೆ ಘಟಕ ನಡೆಸುವ ಒಬ್ಬ ಅಣ್ಣ, ಹೀಗೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಆಮೇಲೆ ಪುಸ್ತಕ. ಈ ಸಲ ‘ಅರಮನೆ’ಯ ಮಾತು ಬಂದಾಗ ಗೆಳತಿ ತನಗಂತೂ ಸಾಕಾಯಿತು ಅಂದಳು. ಅಣ್ಣ ವಾದಕ್ಕೆ ಇಳಿಯಲಿಲ್ಲ. ಪುಸ್ತಕ ತೆಗೆದು ಒಂದು ಪುಟ ಗಟ್ಟಿಯಾಗಿ ಓದಲು ಶುರು ಮಾಡಿದರು. ಅವರ ಮನೆಮಾತು ತೆಲುಗು, ಕನ್ನಡ ಓದುವಾಗಲೂ ಅದರ ರಾಗ ಸ್ವಲ್ಪ ಇರುತ್ತದೆ. ಆ ರಾಗದಲ್ಲಿ ಅಷ್ಟುದ್ದ ವಾಕ್ಯ ತಾನಾಗಿಯೇ ತುಂಡು ತುಂಡಾಗಿ ಕೇಳಿಸತೊಡಗಿತು. ಕಟ್ಟೆ ಮೇಲೆ ಕೂತ ಹಿರಿಯರು ಊರಿನ ಸುದ್ದಿ ಹೇಳುವಾಗ ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ಹೋಗುತ್ತಾರಲ್ಲ, ಹಾಗೆ. ಚಹಾ ತಂದ ಅಣ್ಣನ ಅತ್ತೆ ಲೋಟಗಳ ತಟ್ಟೆ ಇಟ್ಟು ಅಲ್ಲೇ ಬಾಗಿಲ ಹತ್ತಿರ ಕೂತರು. ಅವರು ಕಾದಂಬರಿ ಓದುವವರಲ್ಲ. ಆದರೆ ಒಂದು ಕಡೆ ಅಳಿಯ ತಡವರಿಸಿದಾಗ, "ಹಂಗಲ್ಲಪ್ಪ, ಆ ಮಾತನ್ನ ಎಳೆದು ಅನಬೇಕು" ಅಂತ ತಾವೇ ಅಂದು ತೋರಿಸಿದರು. ಗೆಳತಿ ಆ ಪುಸ್ತಕವನ್ನು ಮನೆಗೆ ಒಯ್ದಳು.

ಹಾಗಾಗಿ ನನ್ನ ಮಾತು ಇಷ್ಟೇ. ಇದು ಕಿವಿಗೆ ಬರೆದ ಕಾದಂಬರಿ, ಕಣ್ಣಲ್ಲಿ ಓಡಿಸಬೇಡಿ. ಪಾತ್ರಗಳು ಜಾತ್ರೆಯ ಹಾಗೆ ಬರುತ್ತವೆ, ಎಲ್ಲರ ಹೆಸರು ನೆನಪಿಟ್ಟುಕೊಳ್ಳಲೇಬೇಕು ಅಂತ ಹಟ ಹಿಡಿಯಬೇಡಿ.

ಜಗಳ ಆಗಿದ್ದು ಈ ಕಾದಂಬರಿಯಲ್ಲಿ ಬರುವ ಥಾಮಸ್ ಮನ್ರೋ ಮೇಲೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಬಂದ ಪ್ರಿನ್ಸಿಪಲ್ ಕಲೆಕ್ಟರ್ ಆತ. ಪಾಳೆಗಾರರನ್ನು ಬಗ್ಗಿಸಿದ, ರೈತರಿಂದಲೇ ನೇರವಾಗಿ ಕಂದಾಯ ವಸೂಲಿ ಮಾಡುವ ರೈತವಾರಿ ಪದ್ಧತಿ ತಂದ, 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಈ ಕಡೆ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟರು ಅನ್ನೋ ಮಾತೂ ಇದೆ. ಕಾದಂಬರಿಯಲ್ಲಿ ಅವನು ಬರೀ ಖಳನಾಯಕ ಅಲ್ಲ, ಮನುಷ್ಯ. ಮೇಷ್ಟ್ರಿಗೆ ಅದೇ ತಕರಾರು. "ಕಂಪನಿಗೆ ಕಂದಾಯ ಸರಿಯಾಗಿ ಬರಲಿ ಅಂತ ಬಂದವನು ಅಲ್ವಾ, ಅವನ ಮೇಲೆ ಇಷ್ಟು ಪ್ರೀತಿ ಯಾಕೆ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಾಳೆಗಾರರ ಕೈಯಲ್ಲಿ ನರಳಿದ ಜನಕ್ಕೆ ಹೊರಗಿನವನೊಬ್ಬ ಹೇಗೆ ಕಂಡಿರಬಹುದು ಅಂತ ಕೇಳುವ ಧೈರ್ಯ ಈ ಪುಸ್ತಕಕ್ಕಿದೆ. ನನಗೆ ಅದೇ ಇಷ್ಟ.

ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ (2019) ಓದಿಸಿಕೊಂಡು ಹೋಗುವ ವಿಷಯದಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅವರು ಸಂಡೂರಿನವರು. ಲಿಸ್ಬನ್ ಪಕ್ಕದ ತೇಜೋ ನದಿ ಒಂದು ಕಡೆ, ನಮ್ಮ ಹೊಳೆ ಇನ್ನೊಂದು ಕಡೆ, ನಡುವೆ ಹಡಗು, ಗೋವಾ. ಯಹೂದಿಗಳನ್ನು ಹಿಂಸಿಸುತ್ತಿದ್ದ ಕಾಲದ ಲಿಸ್ಬನ್, ಗೇಬ್ರಿಯಲ್ ಮತ್ತು ಬೆಲ್ಲಾ ಪ್ರೀತಿ, ಹಡಗಿನ ಪ್ರಯಾಣ, ಇವೆಲ್ಲ ಒಂದೇ ಪಟ್ಟಿಗೆ ಕೂತು ಓದಬಹುದು. ಮಾಹಿತಿ ಕೆಲವು ಕಡೆ ಜಾಸ್ತಿ ಆಯಿತು ಅಂತ ಮೇಷ್ಟ್ರು ಅಂದರು, ಒಪ್ಪುತ್ತೇನೆ. ಆದರೆ ವಿಜಯನಗರದ ಭಾಗದಲ್ಲಿ ಹಂಪಮ್ಮನ ಕಥೆ ಬರುತ್ತದೆ, ಸತಿ ಹೋಗುವುದು, ಲೆಂಕರೆಂಬ ಸೇವಕರು ಒಡೆಯನಿಗಾಗಿ ಪ್ರಾಣ ಕೊಡುವುದು ಬರುತ್ತದೆ. ಅಲ್ಲಿ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತೆ. ನಮ್ಮ ಊರುಗಳಲ್ಲಿ ಹನುಮಪ್ಪನ ಗುಡಿ ಹತ್ತಿರ ಸತಿ ಹೋದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲು ಇರುತ್ತದಲ್ಲ. ಎತ್ತಿದ ಒಂದು ಕೈ, ಮೊಣಕೈವರೆಗೂ ಬಳೆ, ಮೇಲೆ ಎಣ್ಣೆ ಕುಂಕುಮ ಮೆತ್ತಿ ಕಪ್ಪಾಗಿರುತ್ತದೆ. ಚಿಕ್ಕವರಿದ್ದಾಗ ಅದಕ್ಕೆ ಒರಗಿಕೊಂಡೇ ಗೋಲಿ ಆಡುತ್ತಿದ್ದೆವು. ಆ ಕೈ ಒಬ್ಬ ಹುಡುಗಿಯದು, ಅವಳಿಗೆ ಹೋಗಲು ಮನಸ್ಸಿತ್ತೋ ಇಲ್ಲವೋ ಯಾರೂ ಕೇಳಿರಲಿಕ್ಕಿಲ್ಲ ಅನ್ನುವುದು ಕಾದಂಬರಿ ಓದಿದ ಮೇಲೆ ತಲೆಯಿಂದ ಹೋಗುತ್ತಿಲ್ಲ. ಇತಿಹಾಸದ ಪಾಠದಲ್ಲಿ ಇದು ನಮಗೆ ಸಿಗಲಿಲ್ಲ.

ಬಾನು ಮುಷ್ತಾಕ್ ಅವರ ಕಥೆಗಳ ಬಗ್ಗೆ ಮಾತಾಡಿದ್ದು ಗೆಳತಿ. ದೀಪಾ ಭಸ್ತಿ ಇಂಗ್ಲಿಷಿಗೆ ತಂದ 12 ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರೂ ಪ್ರಶಸ್ತಿಯ ಸುದ್ದಿಯನ್ನೇ ಆಡುತ್ತಾರೆ, ಕಥೆಯ ಸುದ್ದಿ ಕಡಿಮೆ ಅನ್ನೋದು ಅವಳ ಸಿಟ್ಟು. ಅದರಲ್ಲಿನ ‘ಎದೆಯ ಹಣತೆ’ ಕಥೆಯ ಮೆಹರುನ್ ಗಂಡನ ಮನೆಯಲ್ಲಿ ಇರಲಾರದೆ ತವರಿಗೆ ಬಂದರೆ ತವರಿನವರೇ ವಾಪಸ್ ಕಳಿಸುತ್ತಾರೆ. ಸಾಯಲು ಹೊರಟ ಅವಳನ್ನು ತಡೆಯುವುದು ಮಗಳು. "ಇದು ಬರೀ ಮುಸ್ಲಿಂ ಮನೆ ಕಥೆ ಅಂತ ಯಾರಾದರೂ ಅಂದರೆ, ನಮ್ಮ ಓಣಿಗೆ ಕರೆದುಕೊಂಡು ಬನ್ನಿ" ಅಂದಳು. ಯಾರೂ ಎದುರು ಮಾತಾಡಲಿಲ್ಲ. ಇಂಥ ಕಥೆಗಳನ್ನು ದಿನಕ್ಕೆ ಒಂದರಂತೆ ಓದಬೇಕು, ಒಂದರ ಹಿಂದೆ ಒಂದು ಓದಿದರೆ ಎಲ್ಲಾ ಒಂದೇ ಅನ್ನಿಸಿ ಅನ್ಯಾಯವಾಗುತ್ತದೆ.

ಮುಂದಿನ ಸಲಕ್ಕೆ ರಾಯಚೂರಿನ ಶಾಂತರಸರ ಗಜಲ್ ಇಟ್ಟುಕೊಂಡಿದ್ದೇವೆ. ಅದನ್ನಂತೂ ಗಟ್ಟಿಯಾಗಿಯೇ ಓದಬೇಕು. ಪ್ರತಿ ಇರುವುದು ಮೇಷ್ಟ್ರ ಹತ್ತಿರ ಒಂದೇ. ಬಳ್ಳಾರಿ ಕಡೆಯವರು ಯಾರಾದರೂ ಬರುವುದಾದರೆ ನಿಮ್ಮಲ್ಲಿರುವ ಪ್ರತಿ ತನ್ನಿ, ಓದಲು ಧ್ವನಿ ಚೆನ್ನಾಗಿರುವವರನ್ನೂ ಕರೆದುಕೊಂಡು ಬನ್ನಿ.