ಮಡ್‌ಗಾರ್ಡಿಗೆ ಮೆತ್ತಿದ ಮಣ್ಣು

ವೈನ್ ಮುಟ್ಟದವನು ವೈನ್ ಸೀಮೆಗೆ ಏಕೆ ಹೋದ ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಭಾವ ಕರೆದರು, ಹೋದೆ. ಅವರಿಗೆ ವೈನ್ ಹುಚ್ಚು, ನನಗೆ ಸೈಕಲ್ ಹುಚ್ಚು. ಎರಡೂ ಒಂದೇ ಖರ್ಚಿನಲ್ಲಿ ತೀರುವ ಜಾಗ ಹುಡುಕಿದಾಗ ಸಿಕ್ಕಿದ್ದು ಫ್ರಾನ್ಸಿನ ಪೂರ್ವದ ಅಂಚಿನಲ್ಲಿರುವ ಅಲ್ಸಾಸ್. ಒಂದು ಕಡೆ ವೋಜ್ ಬೆಟ್ಟಸಾಲು, ಇನ್ನೊಂದು ಕಡೆ ರೈನ್ ನದಿಯ ಬಯಲು, ನಡುವಿನ ಇಳಿಜಾರಿನ ಉದ್ದಕ್ಕೂ ದ್ರಾಕ್ಷಿ ತೋಟ.

ಇಲ್ಲಿನ ‘ವೈನ್ ರಸ್ತೆ’ಗೆ 1953ರಿಂದ ಆ ಹೆಸರಿದೆ. ಮಾರ್ಲೆನೈಮಿನಿಂದ ಟಾನ್‌ವರೆಗೆ ಸುಮಾರು 170 ಕಿಲೋಮೀಟರ್. ಅದು ಕಾರುಗಳಿಗೆ, ಪ್ರವಾಸಿ ಬಸ್ಸುಗಳಿಗೆ. ಸೈಕಲಿನವರಿಗೆ ಬೇರೆಯೇ ದಾರಿ ಗುರುತು ಮಾಡಿದ್ದಾರೆ. ಲಂಡನ್ನಿನಿಂದ ರೋಮ್ ಮುಟ್ಟಿ ಇನ್ನೂ ದಕ್ಷಿಣಕ್ಕೆ ಬ್ರಿಂಡಿಸಿಯವರೆಗೆ ಹೋಗುವ, ಯುರೋಪಿನ ಸೈಕಲ್ ಮಾರ್ಗಜಾಲ ಯೂರೋವೆಲೋದ 5ನೇ ಮಾರ್ಗದ ತುಂಡು ಅದು. ಸುಮಾರಷ್ಟು ಕಡೆ ಅದು ತೋಟದವರು ತಮ್ಮ ಟ್ರ್ಯಾಕ್ಟರಿಗಾಗಿ ಮಾಡಿಕೊಂಡ ಹಾದಿಯೇ. ಆದ್ದರಿಂದ ವರ್ಷದ ಬಹುಪಾಲು ನಿಶ್ಶಬ್ದ. ನಾವು ಹೋದದ್ದು ಸೆಪ್ಟೆಂಬರ್ ನಡುವಿನಲ್ಲಿ, ಕೊಯ್ಲಿನ ಕಾಲದಲ್ಲಿ.

ರಿಬೋವಿಲೆಯಿಂದ ಹೊರಟಾಗ ಬೆಳಗಿನ ಎಂಟು ಗಂಟೆ. ವೋಜ್ ಬೆಟ್ಟಗಳು ಪಶ್ಚಿಮದ ಮಳೆಯನ್ನೆಲ್ಲ ತಡೆದು ಹಿಡಿಯುವುದರಿಂದ ಪಕ್ಕದ ಕೊಲ್ಮಾರ್ ಫ್ರಾನ್ಸಿನ ಅತಿ ಒಣ ಊರುಗಳಲ್ಲೊಂದು, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಎಂದು ಭಾವ ಹಿಂದಿನ ದಿನ ಪಾಠ ಮಾಡಿದ್ದರು. ಆ 600ರಲ್ಲಿ ಒಂದಷ್ಟು ಅದೇ ರಾತ್ರಿ ಸುರಿದಿತ್ತು.

ಉನಾವೀರ್‌ವರೆಗೆ ತೊಂದರೆಯಿಲ್ಲ. ಊರಿಗಿಂತ ಎತ್ತರದಲ್ಲಿ, ಬಳ್ಳಿಗಳ ನಡುವೆ, ಕೋಟೆಗೋಡೆ ಸುತ್ತಿಕೊಂಡ ಒಂದು ಹಳೆಯ ಚರ್ಚಿದೆ. ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಅದೊಂದೇ ಚರ್ಚನ್ನು ಹಂಚಿಕೊಂಡಿದ್ದಾರೆ. ಅದರ ಗೋಡೆಗೆ ಸೈಕಲ್ ಒರಗಿಸಿ ನೀರು ಕುಡಿದೆವು. ಅಲ್ಲಿಂದ ರಿಕ್‌ವೀರ್‌ಗೆ ಗುರುತಿನ ದಾರಿ ಬಿಟ್ಟು ಮೇಲಿನ ಹಾದಿ ಹಿಡಿಯೋಣ, ನೋಟ ಚೆನ್ನಾಗಿರುತ್ತದೆ ಎಂದದ್ದು ನಾನೇ. ಭಾವ ಇಂದಿಗೂ ಅದನ್ನು ಮರೆತಿಲ್ಲ.

ನಕ್ಷೆಯಲ್ಲಿ ಆ ಏರು ಬೆರಳಿನ ಉಗುರಿನಷ್ಟು. ನೆಲದ ಮೇಲೆ ಅದು ಬೇರೆ ಕಥೆ. ಸೈಕಲ್ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡು ತೋಟದ ಹಾದಿಯನ್ನು ಯಾರೂ ಮಾಡುವುದಿಲ್ಲ. ಟ್ರ್ಯಾಕ್ಟರ್ ಹತ್ತಿದರೆ ಸಾಕು, ಸುತ್ತು ತಿರುವು ಏಕೆ ಎಂದು ನೇರವಾಗಿ ಎಳೆದುಬಿಡುತ್ತಾರೆ. ಅತಿ ಸಣ್ಣ ಗೇರಿಗೆ ಇಳಿದರೂ ಮುಂದಿನ ಚಕ್ರ ನೆಲ ಬಿಟ್ಟು ಏಳಲು ನೋಡುತ್ತಿತ್ತು. ಹ್ಯಾಂಡಲಿನ ಮೇಲೆ ಮೂಗು ತಾಗುವಷ್ಟು ಬಗ್ಗಿ ತುಳಿದೆ. ಭಾವ ಯಾವ ಸಂಕೋಚವೂ ಇಲ್ಲದೆ ಇಳಿದು ತಳ್ಳತೊಡಗಿದರು.

ತಿರುವಿನಲ್ಲಿ ಕೊಯ್ಲಿನವರ ಗುಂಪು ಎದುರಾಯಿತು. ಕೈಯಲ್ಲಿ ಕತ್ತರಿ, ಕಾಲಬುಡದಲ್ಲಿ ಬುಟ್ಟಿ. ಇಲ್ಲಿನ ನೊರೆ ವೈನ್ ಕ್ರೆಮಾಂಗೆ ಬಳಸುವ ದ್ರಾಕ್ಷಿಯನ್ನು ಕೈಯಲ್ಲೇ ಕೊಯ್ಯಬೇಕೆಂಬ ನಿಯಮವಿದೆ. ಕಡಿದಾದ ತೋಟಗಳಲ್ಲಿ ಯಂತ್ರ ನಿಲ್ಲುವುದೂ ಇಲ್ಲ. ಹಾದಿಯ ತುಂಬ ಟ್ರ್ಯಾಕ್ಟರ್. ಅದರ ಹಿಂದಿನ ತೊಟ್ಟಿಯಿಂದ ರಸ ತೊಟ್ಟಿಕ್ಕುತ್ತಿತ್ತು, ಅದರ ಸುತ್ತ ಕಣಜಗಳು. ನಾವು ಸೈಕಲ್‌ಗಳನ್ನು ಬಳ್ಳಿಸಾಲಿನೊಳಕ್ಕೆ ನುಗ್ಗಿಸಿ ದಾರಿ ಬಿಟ್ಟೆವು. ಚಾಲಕ ಕೈಯೆತ್ತಿ ನಮಸ್ಕಾರದಂತೆ ಏನೋ ಮಾಡಿ, ಮುಂದಿನ ಇಳಿಜಾರನ್ನು ತೋರಿಸಿ ‘ಸಾ ಗ್ಲಿಸ್’ ಎಂದ. ನಾನು ‘ಮೆರ್ಸಿ’ ಎಂದೆ. ನನಗೆ ಬರುತ್ತಿದ್ದ ಫ್ರೆಂಚ್ ಅಷ್ಟೇ.

‘ಜಾರುತ್ತದೆ’ ಎಂಬುದು ಅದರ ಅರ್ಥ. ಐವತ್ತು ಮಾರು ಹೋಗುವಷ್ಟರಲ್ಲಿ ತಿಳಿಯಿತು. ಒದ್ದೆ ಕಾಂಕ್ರೀಟಿನ ಮೇಲೆ ಟ್ರ್ಯಾಕ್ಟರ್ ಚಕ್ರಗಳು ತಂದು ಹರಡಿದ ಜೇಡಿ, ಅದರ ಮೇಲೆ ಜಜ್ಜಿಹೋದ ದ್ರಾಕ್ಷಿ ಸಿಪ್ಪೆ. ಬ್ರೇಕ್ ಹಿಡಿದೆ, ಹಿಂದಿನ ಚಕ್ರ ಪಕ್ಕಕ್ಕೆ ಹೊರಟಿತು, ನಾನು ಅದರ ಹಿಂದೆ ಹೊರಟೆ. ಮೊಣಕೈ ತರಚಿತು, ಅಷ್ಟೇ. ಎದ್ದು ಸೈಕಲ್ ಎತ್ತಿದರೆ ಚಕ್ರ ತಿರುಗುತ್ತಿಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಾರೆ ತುಂಬಿದಂತೆ ಕೂತಿತ್ತು.

“ಬಿದ್ದೆಯಾ?” ಎಂದರು ಭಾವ ಮೇಲಿನಿಂದ.

“ಇಲ್ಲ ಭಾವ, ನೋಟ ನೋಡುತ್ತಿದ್ದೇನೆ.”

ಅಲ್ಲೇ ಕೂತು, ಬಿದ್ದಿದ್ದ ಒಣ ಬಳ್ಳಿಯ ಕಡ್ಡಿಯೊಂದರಿಂದ ಮಣ್ಣು ಕೆದರಿದೆ. ಬೂದು ಕಂದು ಬಣ್ಣ, ಕಡ್ಡಿಗೆ ಅಂಟಿದ್ದು ಬೆರಳಿಗೆ ಬರುತ್ತದೆ, ಬೆರಳಿನಿಂದ ಬಿಡುವುದಿಲ್ಲ. ಒಂದು ಉಂಡೆಯಲ್ಲಿ ಇಡೀ ದ್ರಾಕ್ಷಿಯೊಂದು ಹೂತುಹೋಗಿತ್ತು. ಅರ್ಧ ಗಂಟೆ ಹಿಡಿಯಿತು. ನಾವು ಕೂತಿದ್ದ ಇಳಿಜಾರು ಶೋನೆನ್‌ಬುರ್ಗ್, ಅಲ್ಸಾಸಿನ 51 ‘ಗ್ರಾಂ ಕ್ರೂ’ ಎಂದರೆ ಮೇಲುದರ್ಜೆಯ ತೋಟಗಳಲ್ಲಿ ಒಂದು, ರೀಸ್ಲಿಂಗ್ ದ್ರಾಕ್ಷಿಗೆ ಹೆಸರುವಾಸಿ ಎಂದು ಭಾವ ಭಕ್ತಿಯಿಂದ ವಿವರಿಸಿದರು. ಬಿದ್ದದ್ದಾದರೂ ಒಳ್ಳೆಯ ಜಾಗದಲ್ಲಿ.

ರಿಕ್‌ವೀರ್ ಚೆಂದದ ಊರು, ಅದರ ಕಷ್ಟವೂ ಅದೇ. ಮುಖ್ಯ ಬೀದಿಯಲ್ಲಿ ಸೈಕಲ್ ತಳ್ಳಲೂ ಜಾಗವಿರಲಿಲ್ಲ. ಕೆಳಬಾಗಿಲಿನಿಂದ ಹೊರಬಿದ್ದು ಎರಡು ನಿಮಿಷ ತುಳಿದರೆ ಮತ್ತೆ ಬಳ್ಳಿ, ಮತ್ತೆ ಮೌನ. ಬೆನ್‌ವೀರ್ ಬಂದಾಗ ಆಶ್ಚರ್ಯವಾಯಿತು. ಬಣ್ಣದ ಮರದ ಚೌಕಟ್ಟಿನ ಮನೆಗಳಿಲ್ಲ, ಓರೆಕೋರೆ ಗಲ್ಲಿಗಳಿಲ್ಲ, ಎಲ್ಲವೂ ಸಾದಾ, ನೇರ. 1944ರ ಡಿಸೆಂಬರಿನಲ್ಲಿ ಕೊಲ್ಮಾರಿನ ಸುತ್ತ ನಡೆದ ಕಾಳಗದಲ್ಲಿ ಈ ಊರೂ ಮುಂದಿನ ಸಿಗೋಲ್ಸೈಮೂ ನೆಲಸಮವಾಗಿ, ಯುದ್ಧ ಮುಗಿದ ಮೇಲೆ ಹೊಸದಾಗಿ ಎದ್ದವು. ಸಿಗೋಲ್ಸೈಮಿನ ಮೇಲಿನ ದಿಬ್ಬದಲ್ಲಿ ಸೈನಿಕರ ಸ್ಮಶಾನವಿದೆ. ಅದಕ್ಕೂ ಒಂದು ಏರು. ಈ ಸಲ ಭಾವ ಇಳಿಯಲಿಲ್ಲ, ತುದಿಯವರೆಗೂ ತುಳಿದರು. ಶಿಲುಬೆಗಳ ಜೊತೆಗೆ ಉತ್ತರ ಆಫ್ರಿಕದಿಂದ ಬಂದು ಫ್ರಾನ್ಸಿಗಾಗಿ ಸತ್ತ ಮುಸ್ಲಿಂ ಸೈನಿಕರ ಗೋರಿಗಲ್ಲುಗಳೂ ಇವೆ. ದಿಬ್ಬದ ಸುತ್ತ ಎಲ್ಲೆಲ್ಲೂ ದ್ರಾಕ್ಷಿ. ಕೆಳಗೆ ಎಲ್ಲೋ ಕೊಯ್ಲಿನವರ ನಗು ಕೇಳುತ್ತಿತ್ತು. ಮಣ್ಣಿನ ಬೂಟು ಹೊರಗೇ ಬಿಡಬೇಕಿತ್ತೇನೋ ಎನಿಸಿತು, ಬಿಟ್ಟಿರಲಿಲ್ಲ.

ಕಿಂಟ್ಸೈಮ್ ದಾಟಿ ಕೈಸರ್ಸ್‌ಬೆರ್ಗಿನ ಕಡೆಗೆ ತಿರುಗಿದಾಗ ಟೈರಿನ ಸದ್ದು ಬದಲಾಯಿತು. ಅಷ್ಟು ಹೊತ್ತು ಪಿಚಪಿಚ ಎನ್ನುತ್ತಿದ್ದದ್ದು ಈಗ ಕರಕರ. ಬಲಕ್ಕೆ ಕಲ್ಲುಗೋಡೆಗಳ ಮೆಟ್ಟಿಲು ತೋಟ. ಅದು ಶ್ಲಾಸ್‌ಬೆರ್ಗ್, ಗ್ರಾಂ ಕ್ರೂ ಎಂದು ಎಲ್ಲಕ್ಕಿಂತ ಮೊದಲು, 1975ರಲ್ಲಿ, ಮಾನ್ಯತೆ ಪಡೆದ ತೋಟ. ಅಡಿಯಲ್ಲಿರುವುದು ಗ್ರಾನೈಟ್. ಅದರ ಪುಡಿ ದಪ್ಪ ಮರಳಿನಂತೆ, ನಡುನಡುವೆ ಅಭ್ರಕದ ಮಿನುಗು. ನೀರು ನಿಲ್ಲದ ನೆಲ, ರಾತ್ರಿಯ ಮಳೆಯ ಗುರುತೇ ಇಲ್ಲ. ಚಕ್ರಕ್ಕೆ ಒಂದು ಹರಳೂ ಅಂಟಲಿಲ್ಲ.

ಊರಿನ ಅಂಚಿನ ಒಂದು ವೈನ್ ನೆಲಮಾಳಿಗೆಯ ಮುಂದೆ ಭಾವ ನಿಂತರು. ಫ್ರಾನ್ಸಿನಲ್ಲಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರದ ಮಿತಿ ಸೈಕಲ್ ಸವಾರರಿಗೂ ಉಂಟು. ಆದ್ದರಿಂದ ಅವರು ಗುಟುಕು ಗುಟುಕಾಗಿ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಪಕ್ಕದ ಪಾತ್ರೆಗೆ ಉಗುಳತೊಡಗಿದರು. ಮಾಲೀಕ ಮೇಜಿನ ಮೇಲೆ ಎರಡು ಕಲ್ಲು ಇಟ್ಟುಕೊಂಡು, ಇದರ ಮೇಲೆ ಬೆಳೆದದ್ದು ಹೀಗೆ, ಅದರ ಮೇಲೆ ಬೆಳೆದದ್ದು ಹಾಗೆ ಎಂದು ಹರಕು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಭಾವ ಎಲ್ಲಕ್ಕೂ ತಲೆದೂಗುತ್ತಿದ್ದರು. ವ್ಯತ್ಯಾಸ ನಿಜವಾಗಿ ಸಿಕ್ಕಿತೋ, ಮರ್ಯಾದೆಗೆ ತಲೆದೂಗಿದರೋ, ನಾನು ಕೇಳಲಿಲ್ಲ.

ನಾನು ಬಾಗಿಲಲ್ಲಿ ನಿಂತು ಉಳಿದ ಮಣ್ಣನ್ನು ಕೆರೆಯುತ್ತಿದ್ದೆ. ಮಾಲೀಕ ಹೊರಗೆ ಬಂದು ನನ್ನ ಮಡ್‌ಗಾರ್ಡಿನಿಂದ ಒಂದು ಚೂರು ಕಿತ್ತು, ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡಿದ.

“ರಿಕ್‌ವೀರ್?” ಎಂದ.

ಹೌದೆಂದೆ. ನನ್ನ ಮೊಣಕೈಯನ್ನೂ ನೋಡಿ ನಕ್ಕು, ಗೋಡೆಯ ಬದಿಯಲ್ಲಿ ಸುತ್ತಿಟ್ಟಿದ್ದ ನೀರಿನ ಪೈಪನ್ನು ಬಿಚ್ಚಿ ಕೈಗೆ ಕೊಟ್ಟ.